ಜಾಫ್ನಾಕ್ಕೆ ಹೊರಟಿರುವ ಮಂಡ್ಯದ ಮೇಷ್ಟರಿಗೆ

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಬೆಳಗಿನ ವಾಕಿಂಗ್ ಗೆಳೆಯರು ಆರು ಮಂದಿ, ಮನೆಯವರನ್ನೂ ಕರೆದುಕೊಂಡು, ಬರುವ ವರ್ಷ ಹಡಗಿನಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋಗಬೇಕೆಂದಿದ್ದೇವೆ. ಯುದ್ಧದಲ್ಲಿ ಹಾಳಾದ ಊರನ್ನು ನೋಡಲು ಹೋಗುವುದು ಸಾವಿನ ಮನೆಯಲ್ಲಿ ಫೋಟೊ ತೆಗೆದಂತೆ ಎಂದು ನನ್ನ ಮಗಳು ಹೇಳುತ್ತಾಳೆ. ಹೋಗುವುದು ಸರಿಯೆ? ಸುರಕ್ಷಿತವೆ? ಏನು ನೋಡಬೇಕು? ಇನ್ನೊಂದು ಸಂಗತಿ: ನಮ್ಮಲ್ಲೊಬ್ಬರು 1988ರಲ್ಲಿ ಭಾರತೀಯ ಶಾಂತಿಪಾಲನಾ ಪಡೆಯ ಯೋಧರಾಗಿ ಅಲ್ಲಿದ್ದವರು. ಅದನ್ನು ಅವರು ಅಲ್ಲಿ ಹೇಳಿಕೊಳ್ಳಬಹುದೆ?

ಉತ್ತರ: ಮೇಷ್ಟರೇ, ನಿಮ್ಮ ಮಗಳ ಮಾತು ತಳ್ಳಿಹಾಕುವಂಥದ್ದಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೀವು ಹೊರಡಬೇಕು. ಹೋಗಿ ಎಂದು ಮೊದಲೇ ಹೇಳಿಬಿಡುತ್ತೇನೆ. ಹೇಗೆ ಹೋಗಬೇಕೆಂದು ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು. ಅದಕ್ಕಾಗಿ, ನೀವು ಮೈಸೂರಿಗೆ ಬಂದು ಹೋಗುವಾಗಲೆಲ್ಲ ದಾಟುವ ಶ್ರೀರಂಗಪಟ್ಟಣದಿಂದಲೇ ಶುರು ಮಾಡುತ್ತೇನೆ.

ಯುದ್ಧದಲ್ಲಿ ನಾಶವಾದ ನಗರ ಎಂದೊಡನೆ ದೂರದೇಶದ ಚಿತ್ರಗಳು ಕಣ್ಣಿಗೆ ಬರುತ್ತವೆ. ಅಂಥದ್ದೊಂದು ನಿಮ್ಮ ಜಿಲ್ಲೆಯಲ್ಲೇ ಇದೆ. 1799ರ ಮೇ 4ರಂದು ಕೋಟೆ ಬಿದ್ದ ರಾತ್ರಿ ಗೆದ್ದ ಸೈನಿಕರು ಪಟ್ಟಣದ ಮನೆಮನೆ ಹೊಕ್ಕು ದೋಚಿದರು. ಮರುದಿನ ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಊರಿನ ಅಧಿಕಾರ ವಹಿಸಿಕೊಂಡು ನಾಲ್ವರನ್ನು ಗಲ್ಲಿಗೇರಿಸಿದ ಮೇಲೆ ಲೂಟಿ ಹತೋಟಿಗೆ ಬಂದಿತು. ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಈ ಪ್ರಾಂತ್ಯವನ್ನು ಸುತ್ತಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದು, ಬಹಳಷ್ಟು ಜನ ಬಿಟ್ಟುಹೋಗಿದ್ದ ಊರನ್ನು ಕಂಡು ಬರೆದಿಟ್ಟ. ಟಿಪ್ಪುವಿನ ಲಾಲ್ ಮಹಲ್ ಅರಮನೆಯನ್ನು ಕೆಡವಿದರು. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋದವು. ಕೆಲವು ವರ್ಷಗಳಲ್ಲಿ ಹೊಳೆದಡದ ಜ್ವರಕ್ಕೆ ಬೇಸತ್ತು ಇಂಗ್ಲಿಷರ ದಂಡೂ ಬೆಂಗಳೂರಿಗೆ ಹೊರಟಿತು. ಊರು ಚೇತರಿಸಿಕೊಳ್ಳದೆ ಹೋದದ್ದು ಗೋಡೆ ಬಿದ್ದ ಕಾರಣಕ್ಕಲ್ಲ. ಆಸ್ಥಾನವಿಲ್ಲ, ದಂಡಿಲ್ಲ, ಅವರನ್ನು ನಂಬಿಕೊಂಡಿದ್ದ ಕಮ್ಮಾರ, ನೇಕಾರ, ಸಾಹುಕಾರರಿಗೆ ಅಲ್ಲಿರುವುದಕ್ಕೆ ಕೆಲಸವೇ ಉಳಿಯಲಿಲ್ಲ.

ನನ್ನ ತಾಯಿಯ ತವರು ಗಂಜಾಂ. ಬೇಸಿಗೆ ರಜೆಯಲ್ಲಿ ಅಜ್ಜಿ ಜಗುಲಿಯ ಮೇಲೆ ಅಂಜೂರದ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದಳು. ದರಿಯಾ ದೌಲತ್ ನೋಡಿಕೊಂಡು ಗುಂಬಜಿಗೆ ಹೋಗುವ ಕಾರುಗಳು ಅಲ್ಲಿ ನಿಂತರೆ ಬರುತ್ತಿದ್ದ ಪ್ರಶ್ನೆ ಒಂದೇ: ಟಿಪ್ಪು ಸತ್ತ ಜಾಗ ಎಲ್ಲಿ? ಅಜ್ಜಿ ಕೈ ತೋರಿಸಿ ದಾರಿ ಹೇಳುತ್ತಿದ್ದಳು, ಕಾರು ಹೋದ ಮೇಲೆ, "ದಾರಿ ಕೇಳಕ್ಕೆ ಬತ್ತಾರೆ, ಒಂದ್ ಡಜನ್ ಹಣ್ ತಗಳಲ್ಲ" ಎಂದು ಗೊಣಗುತ್ತಿದ್ದಳು. ಯುದ್ಧ ಕಂಡ ಊರಿಗೆ ಹೋಗುವವರಿಗೆ ನಾನು ಹೇಳಬೇಕಾದದ್ದರಲ್ಲಿ ಅರ್ಧದಷ್ಟು ಆ ಗೊಣಗಿನಲ್ಲೇ ಇದೆ.

ಉಳಿದರ್ಧವನ್ನು ನಾನು ಜಾಫ್ನಾದಲ್ಲೇ ಮುಖಕ್ಕೆ ಹೊಡೆದಂತೆ ಕಲಿತೆ. 2013ರಲ್ಲಿ ಮೊದಲ ಬಾರಿ ಹೋದಾಗ, ನಗರದ ಉತ್ತರಕ್ಕೆ ಒಂದು ಹಳ್ಳಿಯ ರಸ್ತೆಯಲ್ಲಿ ಚಾವಣಿಯಿಲ್ಲದ ಮನೆಯೊಂದು ಕಂಡಿತು. ನಡುಮನೆಯಲ್ಲಿ ಆಳೆತ್ತರದ ಅರಳಿ ಗಿಡ, ಬಾಗಿಲುವಾಡದ ಮೇಲೆ ಇನ್ನೂ ಅಳಿಯದ ನೀಲಿ ಬಣ್ಣ. ನಾನು ಕ್ಯಾಮೆರಾ ತೆಗೆದು ಅತ್ತಿಂದಿತ್ತ ಓಡಾಡುತ್ತ ಏಳೆಂಟು ಚಿತ್ರ ತೆಗೆದಿರಬೇಕು. ಎದುರು ಓಣಿಯಿಂದ ಅರವತ್ತು ದಾಟಿದ ಒಬ್ಬರು ಸೈಕಲ್ ತುಳಿಯುತ್ತ ಅವಸರವಾಗಿ ಬಂದರು, ಮಾತಿಲ್ಲದೆ ಸೈಕಲ್ ಒರಗಿಸಿ, ಹ್ಯಾಂಡಲಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದು ಫೈಲು ತೆಗೆದು ನನ್ನ ಮುಂದೆ ಬಿಚ್ಚಿದರು. ಮನೆಯ ಕ್ರಯಪತ್ರ, ಯಾವುದೋ ಕಚೇರಿಯ ಮೊಹರಿದ್ದ ಅರ್ಜಿಯ ನಕಲು, ಮಡಿಕೆಯಲ್ಲಿ ಹರಿದು ಟೇಪು ಹಚ್ಚಿದ ಒಂದು ನಕ್ಷೆ. ಪಾಳುಮನೆಯ ಚಿತ್ರ ತೆಗೆಯುವವರು ಆ ಊರಿನಲ್ಲಿ ಒಂದೇ ಬಗೆಯವರು: ಪರಿಹಾರದ ಪಟ್ಟಿ ಮಾಡಲು ಬರುವ ಅಧಿಕಾರಿಗಳು. ನನ್ನನ್ನೂ ಅವರು ಹಾಗೆಂದುಕೊಂಡಿದ್ದರು. ನಾನು ಸಂತೆಪೇಟೆಯಲ್ಲಿ ಕಲಿತ ಹರಕು ತಮಿಳಿನಲ್ಲಿ, ನಾನು ಮೈಸೂರಿನಿಂದ ಬಂದ ಪ್ರವಾಸಿ, ಸುಮ್ಮನೆ ತೆಗೆದೆ ಎಂದು ಹೇಳಬೇಕಾಯಿತು. "ಸುಮ್ಮನೆ" ಎಂಬ ಪದ ನಾಲಿಗೆಯ ಮೇಲೆ ಎಷ್ಟು ಭಾರವಾಗಬಹುದೆಂದು ನನಗೆ ಆವತ್ತು ತಿಳಿಯಿತು. ಅವರು ಸಿಟ್ಟಾಗಲಿಲ್ಲ. ಕಾಗದಗಳನ್ನು ಇದ್ದ ಕ್ರಮದಲ್ಲೇ ಮಡಿಸಿ ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿಯುತ್ತೀರಾ ಎಂದು ಕೇಳಿದರು.

ಹೀಗಾಗಿ ನಿಮ್ಮ ಮಗಳಿಗೆ ನನ್ನ ಉತ್ತರ ಇಷ್ಟು. ಸಾವಿನ ಮನೆಯಲ್ಲಿ ಫೋಟೊ ತೆಗೆಯುವುದು ತಪ್ಪು, ಒಪ್ಪಿದೆ. ಆದರೆ ಹದಿನೈದು ವರ್ಷ ಕಳೆದ ಮೇಲೂ ಆ ಮನೆಯನ್ನು ಸಾವಿನ ಮನೆಯೆಂದೇ ಕರೆದು, ಅಲ್ಲಿಗೆ ಹೋಗದೆ, ಅವರ ಅಂಗಡಿಯಲ್ಲಿ ಏನನ್ನೂ ಕೊಳ್ಳದೆ ಇರುವುದೂ ಒಂದು ಬಗೆಯ ಬಹಿಷ್ಕಾರವೇ. ಜಾಫ್ನಾ ಈಗ ಗಜಿಬಿಜಿಯ ಪೇಟೆ. ಟ್ಯೂಷನ್ ಕ್ಲಾಸುಗಳ, ಚಿನ್ನದಂಗಡಿಗಳ, ಮದುವೆ ಛತ್ರಗಳ ಊರು. ಅಲ್ಲಿಗೆ ಗಿರಾಕಿಯಾಗಿ ಹೋಗಿ. ನೆಂಟರಾಗುವುದು ಬಿಡುವುದು ಅವರಿಗೆ ಸೇರಿದ್ದು.

ಹೋಗುವ ಮುನ್ನ ನಡೆದದ್ದನ್ನು ಸ್ಥೂಲವಾಗಿಯಾದರೂ ತಿಳಿದುಕೊಂಡಿರಬೇಕು, ಏಕೆಂದರೆ ಅಲ್ಲಿ ಯಾರನ್ನೂ ಪಾಠ ಹೇಳಿ ಎಂದು ಕೇಳುವಂತಿಲ್ಲ. 1983ರ ಜುಲೈನಲ್ಲಿ ಕೊಲಂಬೊ ಮೊದಲಾದೆಡೆ ತಮಿಳರ ಮೇಲೆ ನಡೆದ ಹಿಂಸೆಯ ನಂತರ, ಸರ್ಕಾರಕ್ಕೂ ತಮಿಳರಿಗೆ ಪ್ರತ್ಯೇಕ ದೇಶ ಬೇಕೆಂದ ಎಲ್‌ಟಿಟಿಇ ಎಂಬ ಸಶಸ್ತ್ರ ಸಂಘಟನೆಗೂ ನಡುವೆ ಯುದ್ಧ ಹೊತ್ತಿಕೊಂಡು 2009ರ ಮೇ ತಿಂಗಳಲ್ಲಿ ಮುಗಿಯಿತು. ಈ ಇಪ್ಪತ್ತಾರು ವರ್ಷಗಳಲ್ಲಿ ಜಾಫ್ನಾ ಒಮ್ಮೆ ಸರ್ಕಾರದ, ಒಮ್ಮೆ ಭಾರತೀಯ ಪಡೆಯ, ಒಮ್ಮೆ ಎಲ್‌ಟಿಟಿಇಯ, 1995ರ ಕೊನೆಯಿಂದ ಮತ್ತೆ ಸರ್ಕಾರದ ಕೈಯಲ್ಲಿತ್ತು. ಆ ವರ್ಷ ಅಕ್ಟೋಬರ್ ಕೊನೆಯಲ್ಲಿ, ಸರ್ಕಾರದ ಸೈನ್ಯ ಹತ್ತಿರ ಬರುತ್ತಿದ್ದಂತೆ ಎಲ್‌ಟಿಟಿಇ ಊರು ಖಾಲಿ ಮಾಡಲು ಹೇಳಿತು. ಲಕ್ಷಗಟ್ಟಲೆ ಜನ ರಾತ್ರೋರಾತ್ರಿ ಮಳೆಯಲ್ಲಿ ಪೂರ್ವದ ಕಡೆ ನಡೆದರು. ಅದಕ್ಕೆ ಐದು ವರ್ಷ ಮುಂಚೆ, 1990ರ ಅಕ್ಟೋಬರಿನಲ್ಲಿ, ಇದೇ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಹೊರಹಾಕಿತ್ತು. ಜಾಫ್ನಾ ನಗರದವರಿಗೆ ಕೊಟ್ಟ ಗಡುವು ಎರಡು ಗಂಟೆ. ಕೊನೆಯ ಹಂತದ ಕಾಳಗ ಜಾಫ್ನಾದಲ್ಲಿ ನಡೆಯಲಿಲ್ಲ, ಅದರ ಆಗ್ನೇಯಕ್ಕೆ ಮುಲ್ಲೈತೀವಿನ ಕರಾವಳಿಯಲ್ಲಿ ನಡೆಯಿತು. ಆ ತಿಂಗಳುಗಳಲ್ಲಿ 40,000ದವರೆಗೆ ನಾಗರಿಕರು ಸತ್ತಿರಬಹುದೆಂದು 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು, ಶ್ರೀಲಂಕಾ ಸರ್ಕಾರ ಅದನ್ನು ಒಪ್ಪಲಿಲ್ಲ. ನೀವು ಮಾತನಾಡಿಸುವ ಪ್ರತಿಯೊಬ್ಬರ ಮನೆಯಲ್ಲೂ ಈ ಘಟನೆಗಳಲ್ಲಿ ಒಂದಲ್ಲ ಒಂದು ನಡೆದಿರುತ್ತದೆ. ಯಾರ ಮನೆಯಲ್ಲಿ ಯಾವುದು ಎಂಬುದು ಮುಖ ನೋಡಿದರೆ ಗೊತ್ತಾಗುವುದಿಲ್ಲ.

ಈ ಯುದ್ಧ ಮಂಡ್ಯಕ್ಕೂ ಬಂದಿತ್ತು ಎಂಬುದು ನಿಮಗೆ ನೆನಪಿರಬೇಕು. 1991ರ ಆಗಸ್ಟಿನಲ್ಲಿ, ರಾಜೀವ್ ಗಾಂಧಿಯವರ ಹತ್ಯೆಯ ತನಿಖೆ ಬೆಂಗಳೂರಿನ ಕೋಣನಕುಂಟೆ ಮುಟ್ಟುವ ಮುನ್ನ ಮುತ್ತತ್ತಿಗೂ ಬಂದಿತ್ತು. ಅಲ್ಲಿ ಅಡಗಿದ್ದ ಎಲ್‌ಟಿಟಿಇ ಯುವಕರು ಸೈನೈಡ್ ನುಂಗಿದರು. ಆ ದಿನಗಳ ಪತ್ರಿಕೆ ಓದಿ ಬೆಳೆದ ನಮ್ಮ ತಲೆಮಾರಿಗೆ ಜಾಫ್ನಾ ಎಂದರೆ ಆ ಸಂಘಟನೆಯೇ ಕಣ್ಣಿಗೆ ಬರುವುದು ಸಹಜ. ಹೋಟೆಲಿನಲ್ಲಿ ಊಟ ಬಡಿಸುವವರ ಹತ್ತಿರ ಎಲ್‌ಟಿಟಿಇ ನಾಯಕ ಪ್ರಭಾಕರನ್ ವಿಷಯ ಎತ್ತುವ ಭಾರತೀಯ ಪ್ರವಾಸಿಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಆ ಬಡಿಸುವ ಹುಡುಗನಿಗೆ ಉತ್ತರ ಯಾವುದಾದರೂ ತೊಂದರೆಯೇ.

ಈಗ ನಿಮ್ಮ ಗೆಳೆಯರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದೇ. 1987ರ ಜುಲೈನಲ್ಲಿ ಭಾರತ ಮತ್ತು ಶ್ರೀಲಂಕಾ ಮಾಡಿಕೊಂಡ ಒಪ್ಪಂದದ ನಂತರ ನಮ್ಮ ಪಡೆ ಜಾಫ್ನಾದಲ್ಲಿ ಇಳಿದಾಗ ಜನ ಹೂಮಾಲೆ ಹಾಕಿದ್ದರು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿದಿತ್ತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಯೋಧರಲ್ಲಿ 29 ಮಂದಿ ಸತ್ತರು, ಒಬ್ಬರು ಸೆರೆ ಸಿಕ್ಕರು. ಹತ್ತು ದಿನಗಳ ನಂತರ, ದೀಪಾವಳಿಯ ದಿನ, ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದಾಗ ವೈದ್ಯರು, ದಾದಿಯರು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಗುಂಡು ಬಂತು ಎಂಬುದು ಸೈನ್ಯದ ವಿವರಣೆ. ಊರಿನವರು ಹೇಳುವುದು ಬೇರೆ. ಆಸ್ಪತ್ರೆಯಲ್ಲಿ ಸತ್ತ ಸಿಬ್ಬಂದಿಯನ್ನು ಪ್ರತಿವರ್ಷ ನೆನೆಯುತ್ತಾರೆ. 1990ರ ಮಾರ್ಚ್‌ನಲ್ಲಿ ಪಡೆ ವಾಪಸಾಗುವ ಹೊತ್ತಿಗೆ ಸುಮಾರು 1,200 ಭಾರತೀಯ ಯೋಧರು ಆ ನೆಲದಲ್ಲಿ ಪ್ರಾಣ ಬಿಟ್ಟಿದ್ದರು. ಇಲ್ಲಿ ನಮ್ಮೂರುಗಳಲ್ಲಿ ಅವರ ಹೆಸರು ಹೇಳುವವರು ಕಡಿಮೆ, ಅಲ್ಲಿ ಅವರನ್ನು ಒಳ್ಳೆಯ ಮಾತಿನಲ್ಲಿ ನೆನೆಯುವವರೂ ಕಡಿಮೆ. ನಿಮ್ಮ ಗೆಳೆಯರ ಹೊರೆ ಎರಡು ಕಡೆಯದು.

ನನ್ನ ಸಲಹೆ ಹೀಗಿದೆ. ತಾವಾಗಿ ಹೇಳಿಕೊಳ್ಳುವುದು ಬೇಡ. ಯಾರಾದರೂ ನೇರವಾಗಿ ಕೇಳಿದರೆ ಸುಳ್ಳೂ ಬೇಡ. ಹೇಳಿದ ಮೇಲೆ ಸಮರ್ಥನೆ, ವಿವರಣೆ, ಕ್ಷಮೆ ಯಾವುದನ್ನೂ ಮುಂದಿಡದೆ, ಎದುರಿಗಿರುವವರು ಏನು ಹೇಳುತ್ತಾರೋ ಅದನ್ನು ಕೇಳಿಸಿಕೊಳ್ಳಬೇಕು. 2016ರಲ್ಲಿ ನನ್ನ ಜೊತೆ ಬಂದಿದ್ದ ಒಬ್ಬ ನಿವೃತ್ತ ಹವಾಲ್ದಾರರನ್ನು ಆಟೊ ಚಾಲಕರೊಬ್ಬರು, ಮೊದಲು ಬಂದಿದ್ದಿರಾ ಎಂದು ಕೇಳಿದರು. ಇವರು, "ಬಂದಿದ್ದೆ, ಸೈನ್ಯದಲ್ಲಿ" ಎಂದರು. ಆಟೊ ಸುಮಾರು ದೂರ ಮಾತಿಲ್ಲದೆ ಓಡಿತು. ಒಂದು ನಾಲ್ಕುದಾರಿಯ ಹತ್ತಿರ ವೇಗ ತಗ್ಗಿಸಿ, "ಇಲ್ಲಿ ನಿಮ್ಮ ಚೆಕ್‌ಪೋಸ್ಟ್ ಇತ್ತು, ನಮ್ಮಣ್ಣನನ್ನು ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಲ್ಲಿಸಿದ್ದರು" ಎಂದಷ್ಟೇ ಹೇಳಿ ಮುಂದೆ ಹೋದರು. ನಲ್ಲೂರು ಬಂದಾಗ ಮಾತಾಡಿದ್ದ ಬಾಡಿಗೆಯನ್ನೇ ತೆಗೆದುಕೊಂಡರು. ಹೆಚ್ಚು ಕೊಡಲು ಹೋದ ನೋಟನ್ನು ಹಿಂದಿರುಗಿಸಿದರು. ಹವಾಲ್ದಾರರು ಆ ದಿನ ರಾತ್ರಿ ಊಟ ಮಾಡಲಿಲ್ಲ, ಆದರೆ ಬಂದದ್ದು ಒಳ್ಳೆಯದಾಯಿತು ಎಂದು ಮಂಡ್ಯಕ್ಕೆ ಹಿಂತಿರುಗಿದ ಮೇಲೆ ಎರಡು ಮೂರು ಬಾರಿ ಹೇಳಿದರು. ಸತ್ತ ಒಡನಾಡಿಗಳಿಗೆ ನಮಸ್ಕರಿಸಬೇಕೆಂದಿದ್ದರೆ ಪಲಾಲಿಯಲ್ಲಿ ಶಾಂತಿಪಾಲನಾ ಪಡೆಯ ಸ್ಮಾರಕವಿದೆ. ಅದು ಸೈನ್ಯದ ಹತೋಟಿಯ ಪ್ರದೇಶ, ಆದ್ದರಿಂದ ಜಾಫ್ನಾದಲ್ಲಿರುವ ಭಾರತದ ಕಾನ್ಸುಲೇಟ್ ಕಚೇರಿಗೆ ಒಂದೆರಡು ತಿಂಗಳು ಮೊದಲೇ ಪತ್ರ ಬರೆದು ಕೇಳುವುದು ಒಳ್ಳೆಯದು.

ಸುರಕ್ಷತೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಗರದಲ್ಲಿ ರಾತ್ರಿ ಒಂಬತ್ತರವರೆಗೆ ಹೆಂಗಸರು ಮಕ್ಕಳು ಓಡಾಡುತ್ತಾರೆ. ನೀವು ಹೆದರಬೇಕಾದದ್ದು ಬಿಸಿಲಿಗೆ ಮತ್ತು ಸೊಳ್ಳೆಗೆ. ಆದರೆ ನೆಲಬಾಂಬಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಮಿಳಿನಲ್ಲಿ ಅದಕ್ಕೆ ಮಿದಿವೆಡಿ ಎನ್ನುತ್ತಾರೆ. ಮಿದಿ ಎಂದರೆ ತುಳಿ, ವೆಡಿ ಎಂದರೆ ನಮ್ಮ ಬೆಡಿಯೇ, ಸಿಡಿಮದ್ದು. ಕೆಂಪು ಹಲಗೆಯ ಮೇಲೆ ತಲೆಬುರುಡೆಯ ಚಿತ್ರದೊಂದಿಗೆ ಆ ಪದ ಕಂಡರೆ ಅಲ್ಲಿಂದಾಚೆ ಒಂದು ಹೆಜ್ಜೆಯೂ ಬೇಡ. ಜಾಫ್ನಾ ನಗರದೊಳಗೆ ಇದರ ಭಯವಿಲ್ಲ. ಎ9 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಸಿಗುವ ಮುಹಮಾಲೈ ಪ್ರದೇಶ ಮಾತ್ರ ಪ್ರಪಂಚದಲ್ಲೇ ಅತಿ ದಟ್ಟವಾಗಿ ನೆಲಬಾಂಬ್ ಹೂತಿದ್ದ ಜಾಗಗಳಲ್ಲಿ ಒಂದು. ಹ್ಯಾಲೊ ಟ್ರಸ್ಟ್ ಮೊದಲಾದ ಸಂಸ್ಥೆಗಳು ಎರಡು ದಶಕಗಳಿಂದ ಅಲ್ಲೆಲ್ಲ ನೆಲ ಕೆದಕುತ್ತಿವೆ. ಶ್ರೀಲಂಕಾ 2017ರಲ್ಲಿ ನೆಲಬಾಂಬ್ ನಿಷೇಧದ ಒಪ್ಪಂದಕ್ಕೆ ಸೇರಿ 2028ರೊಳಗೆ ಕೆಲಸ ಮುಗಿಸುವ ಗಡುವು ಹಾಕಿಕೊಂಡಿದೆ. ಈ ಕೆಲಸದಲ್ಲಿ ಮನೆ ನಡೆಸುವ ಹೊಣೆ ಹೊತ್ತ ಹೆಂಗಸರು ಬಹಳ ಮಂದಿ ಇದ್ದಾರೆ. ಮುಖಕ್ಕೆ ಪಾರದರ್ಶಕ ಕವಚ ಕಟ್ಟಿಕೊಂಡು, ಮಂಡಿಯೂರಿ, ಕಳೆ ಕೀಳುವ ಹೆಂಗಸರ ಹಾಗೆ ಅಂಗುಲ ಅಂಗುಲವಾಗಿ ಮಣ್ಣು ಸರಿಸುತ್ತಾರೆ. ರಸ್ತೆಯಿಂದ ಕಂಡರೆ ಬಸ್ಸು ನಿಲ್ಲಿಸಬೇಡಿ, ಅದು ಗಮನ ಕದಡಬಾರದ ಕೆಲಸ. ಬಯಲುಕಡೆಗೆಂದು ರಸ್ತೆ ಬಿಟ್ಟು ಪೊದೆಗೆ ಇಳಿಯುವ ನಮ್ಮವರ ಅಭ್ಯಾಸವನ್ನು ಇಲ್ಲಿ ಪೂರ್ತಿ ಬಿಡಬೇಕೆಂದು ಗುಂಪಿನ ಗಂಡಸರಿಗೆ ನೀವೇ ಹೇಳಿಬಿಡಿ.

ಏನು ನೋಡಬೇಕೆಂದರೆ, ಮೊದಲು ಗ್ರಂಥಾಲಯ. 1933ರಲ್ಲಿ ಒಬ್ಬರ ಮನೆಯ ಪುಸ್ತಕಗಳಿಂದ ಆರಂಭವಾದ ಇದಕ್ಕೆ 1959ರಲ್ಲಿ ದೊಡ್ಡ ಕಟ್ಟಡವಾಯಿತು. ವಿನ್ಯಾಸ ಮಾಡಿದವರು ಮದ್ರಾಸಿನ ವಿ.ಎಂ. ನರಸಿಂಹನ್, ಸಲಹೆ ಕೊಟ್ಟವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್. 1981ರ ಮೇ 31ರ ರಾತ್ರಿ, ಹೊರಗಿನಿಂದ ತರಿಸಿದ್ದ ಪೊಲೀಸರು ಊರಿನಲ್ಲಿ ಹಾವಳಿ ಎಬ್ಬಿಸಿದ ಆ ಹೊತ್ತಿನಲ್ಲಿ, ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕಗಳು ಮತ್ತು ಇನ್ನೆಲ್ಲೂ ಪ್ರತಿಯಿಲ್ಲದ ತಾಳೆಗರಿಗಳು ಬೂದಿಯಾದವು. ಮೈಸೂರಿನವನಾದ ನನಗೆ ಇದನ್ನು ಅಳೆಯಲು ಒಂದೇ ದಾರಿ ಗೊತ್ತು. ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಬಂದ ಒಂದು ಗ್ರಂಥಲಿಪಿಯ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಅರ್ಥಶಾಸ್ತ್ರ ಸಿಕ್ಕಿತು, 1909ರಲ್ಲಿ ಅಚ್ಚಾಯಿತು, ಜಗತ್ತು ಕೌಟಿಲ್ಯನನ್ನು ಓದಿತು. ಜಾಫ್ನಾದಲ್ಲಿ ಉರಿದ ಕಟ್ಟುಗಳಲ್ಲಿ ಬಿಚ್ಚಿ ಓದದೆ ಉಳಿದಿದ್ದವು ಯಾವುವೋ.

ಈಗಿರುವ ಬಿಳಿಯ ಕಟ್ಟಡ 2000ದ ದಶಕದ ಆರಂಭದಲ್ಲಿ ಮತ್ತೆ ಎದ್ದದ್ದು. ಸುಟ್ಟ ಗೋಡೆಯನ್ನು ಸಾಕ್ಷಿಯಾಗಿ ಹಾಗೇ ಬಿಡಬೇಕಿತ್ತು, ಸುಣ್ಣ ಬಳಿದು ಅಪರಾಧವನ್ನೇ ಮುಚ್ಚಿದರು ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ವಾದದ ನೋವು ಅರ್ಥವಾಗುತ್ತದೆ, ಆದರೂ ನಾನು ಅದರ ಕಡೆಗಿಲ್ಲ. ಮುಂದಿನ ಸರಸ್ವತಿಯ ಮೂರ್ತಿ ದಾಟಿ ಒಳಗೆ ಹೋದರೆ, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಫ್ಯಾನಿನ ಕೆಳಗಿನ ಜಾಗಕ್ಕಾಗಿ ಬೆಳಿಗ್ಗೆಯೇ ಬಂದು ಚೀಲ ಇಟ್ಟಿರುತ್ತಾರೆ. ಅವರಿಗೆ ಅದು ಗ್ರಂಥಾಲಯ, ಸ್ಮಾರಕವಲ್ಲ. ಪ್ರವಾಸಿಗರಿಗೆ ಬೇರೆ ಸಮಯ ಗೊತ್ತುಮಾಡಿರುತ್ತಾರೆ, ಬಾಗಿಲಲ್ಲಿ ವಿಚಾರಿಸಿ, ಓದುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ.

ಅಲ್ಲಿಂದ ನಡೆದೇ ಹೋಗಬಹುದಾದ ಕೋಟೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಪೋರ್ಚುಗೀಸರು ಕಟ್ಟಿ, 1658ರಲ್ಲಿ ಡಚ್ಚರು ಗೆದ್ದು ಐದು ಮೂಲೆಯ ನಕ್ಷತ್ರದಂತೆ ಬೆಳೆಸಿ, 1795ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಕೋಟೆ ಇದು. ಒಳಗಿದ್ದ 1706ರ ಡಚ್ ಚರ್ಚು ಈ ಯುದ್ಧದಲ್ಲಿ ನೆಲಸಮವಾಗಿ, ಹವಳದ ಕಲ್ಲಿನ ರಾಶಿಯಾಗಿದೆ. ಇಲ್ಲಿ ನಮಗೊಂದು ನೆಂಟಸ್ತಿಕೆ ಇದೆ, ಗೈಡುಗಳು ಹೇಳುವುದಿಲ್ಲ. ಸಿಲೋನಿನಲ್ಲಿ ಡಚ್ಚರ ಸಂಬಳಕ್ಕೆ ದುಡಿಯುತ್ತಿದ್ದ ದ ಮ್ಯೂರಾನ್ ಎಂಬ ಸ್ವಿಸ್ ದಂಡು 1795ರಲ್ಲಿ ಇಂಗ್ಲಿಷರ ಕಡೆ ಸೇರಿ, ನಾಲ್ಕು ವರ್ಷಗಳ ನಂತರ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂತು. ಅವರ ಗೋರಿಗಳು ಕಾವೇರಿಯ ಪಕ್ಕದ ಗ್ಯಾರಿಸನ್ ಸ್ಮಶಾನದಲ್ಲಿವೆ. ಹೊರಡುವ ಮೊದಲು ಒಂದು ಭಾನುವಾರ ಹೋಗಿ ನೋಡಿಕೊಂಡು ಬನ್ನಿ, ಮಂಡ್ಯದಿಂದ ಅರ್ಧ ಗಂಟೆ.

ಅದೇ ಭಾನುವಾರ ಕೋಟೆಯ ಬಳಿ 1907ರಲ್ಲಿ ನಿಲ್ಲಿಸಿದ ಕಲ್ಲುಕಂಬವನ್ನೂ ನೋಡಿ. ಮೈಸೂರು ಸರ್ಕಾರವೇ ನಿಲ್ಲಿಸಿದ್ದು, ಅದರ ಮೇಲಿರುವುದು ಮುತ್ತಿಗೆ ಹಾಕಿ ಸತ್ತವರ ಹೆಸರು. ಮೇ 4ರ ರಾತ್ರಿ ಮನೆ ಕಳೆದುಕೊಂಡವರಿಗೆ ಒಂದು ಕಲ್ಲೂ ಇಲ್ಲ. ಇದನ್ನು ಕಂಡು ಹೋದವರಿಗೆ ಉತ್ತರ ಲಂಕೆಯ ಸ್ಮಾರಕಗಳು ಸುಲಭವಾಗಿ ಅರ್ಥವಾಗುತ್ತವೆ. ಎ9 ಹೆದ್ದಾರಿಯಲ್ಲಿ ಎಲಿಫೆಂಟ್ ಪಾಸ್ ಮತ್ತು ಕಿಲಿನೊಚ್ಚಿಯಲ್ಲಿ ಸೈನ್ಯ ದೊಡ್ಡ ವಿಜಯಸ್ಮಾರಕಗಳನ್ನು ನಿಲ್ಲಿಸಿದೆ. ಎಲ್‌ಟಿಟಿಇಯವರ ಸಮಾಧಿಗಳನ್ನು ಮಾತ್ರ ಯುದ್ಧದ ನಂತರ ಬುಲ್ಡೋಜರಿನಲ್ಲಿ ಕಿತ್ತುಹಾಕಲಾಯಿತು. ಜಾಫ್ನಾ ಪಕ್ಕದ ಕೋಪಾಯಿಯಲ್ಲಿ ಆ ಜಾಗದ ಮೇಲೆ ಸೈನ್ಯದ ಕಚೇರಿಯೇ ಬಂತು. ಸಂಘಟನೆಯ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಆ ಸಮಾಧಿಗಳಲ್ಲಿ ಮಲಗಿದ್ದವರು ಯಾರದೋ ಮಕ್ಕಳು, ಎಷ್ಟೋ ಮಂದಿ ಬಲವಂತವಾಗಿ ಎಳೆದೊಯ್ದ ಮಕ್ಕಳು. ಕೊನೆಯ ಕಾಳಗ ನಡೆದ ಮುಲ್ಲೈತೀವು ಕರಾವಳಿಯ ಮುಲ್ಲಿವಾಯ್ಕಾಲಿನಲ್ಲಿ ಸತ್ತ ನಾಗರಿಕರ ನೆನಪಿಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಕಟ್ಟಿದ್ದ ಸ್ಮಾರಕವನ್ನು 2021ರ ಜನವರಿಯಲ್ಲಿ ರಾತ್ರಿ ಹೊತ್ತು ಒಡೆದರು, ವಿದ್ಯಾರ್ಥಿಗಳು ಉಪವಾಸ ಕೂತರು, ಕೆಲವೇ ತಿಂಗಳಲ್ಲಿ ಮತ್ತೆ ಕಟ್ಟಲಾಯಿತು. ವಿಜಯಸ್ಮಾರಕದ ಮುಂದೆ ನಗುತ್ತ ಗುಂಪುಚಿತ್ರ ತೆಗೆಸಿಕೊಂಡು ಅದನ್ನು ತಂಗಿರುವ ಮನೆಯವರಿಗೆ ತೋರಿಸುವಂಥ ಎಡವಟ್ಟು ನಿಮ್ಮ ಗುಂಪಿನಲ್ಲಿ ಆಗದಂತೆ ನೋಡಿಕೊಳ್ಳಿ.

ನಲ್ಲೂರು ಕಂದಸ್ವಾಮಿ ದೇವಸ್ಥಾನದ ಬಗ್ಗೆ ನಿಮಗೆ ಎಲ್ಲರೂ ಹೇಳುತ್ತಾರೆ; ಗಂಡಸರು ಅಂಗಿ ಬನಿಯನ್ ತೆಗೆದು ಒಳಗೆ ಹೋಗಬೇಕು, ಆಗಸ್ಟ್ ಸುಮಾರಿಗೆ 25 ದಿನ ಉತ್ಸವ ನಡೆಯುತ್ತದೆ, ಆಗ ಕೋಣೆ ಸಿಗುವುದಿಲ್ಲ. ಇಷ್ಟು ಸಾಕು. ಅದಕ್ಕಿಂತ ಹೆಚ್ಚಿನ ಹೊತ್ತನ್ನು ಬಸ್‌ನಿಲ್ದಾಣದ ಹಿಂದಿನ ಮಾರುಕಟ್ಟೆಯಲ್ಲಿ ಕಳೆಯಿರಿ. ಮಂಡ್ಯದವರು ಗಮನಿಸಬೇಕಾದ ಒಂದು ಸಂಗತಿ ಇದೆ: ಈ ಇಡೀ ಪರ್ಯಾಯದ್ವೀಪದಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಸುಣ್ಣಕಲ್ಲಿನ ಅಡಿಯ ಸಿಹಿನೀರಿನ ಬಾವಿಗಳನ್ನೇ ನಂಬಿ, ಕೆಮ್ಮಣ್ಣಿನಲ್ಲಿ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು, ದ್ರಾಕ್ಷಿ ಬೆಳೆಯುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡು ಬೆಳೆದ ನಮಗೆ ಅವರ ಮಡಿಯ ಅಚ್ಚುಕಟ್ಟು ನಾಚಿಕೆ ತರಿಸುತ್ತದೆ. 1990ರಲ್ಲಿ, ಜಾಫ್ನಾ ನಗರದ ಉತ್ತರಕ್ಕಿರುವ ವಲಿಕಾಮಂ ಉತ್ತರ ಎಂಬ ಪ್ರದೇಶದ ಇಂಥ ಹೊಲಗಳನ್ನೇ ಸೈನ್ಯ ಭದ್ರತಾ ವಲಯವೆಂದು ಬೇಲಿ ಹಾಕಿ ತೆಗೆದುಕೊಂಡದ್ದು. ಯುದ್ಧ ಮುಗಿದ ಮೇಲೆ ತುಂಡುತುಂಡಾಗಿ ಹಿಂದಿರುಗಿಸುತ್ತ ಬಂದಿದ್ದಾರೆ, ಇನ್ನೂ ಪೂರ್ತಿಯಾಗಿಲ್ಲ. ಆ ಫೈಲಿನ ಹಿರಿಯರು ತೋರಿಸಿದ ನಕ್ಷೆ ಇಂಥದ್ದೇ ಒಂದು ಜಮೀನಿನದು. ಊರು ಚೇತರಿಸಿಕೊಂಡಿದೆಯೇ ಎಂದು ನನ್ನನ್ನು ಕೇಳಿದರೆ ನಾನು ಹೊಸ ಕಟ್ಟಡಗಳನ್ನು ಎಣಿಸುವುದಿಲ್ಲ, ಮಾರುಕಟ್ಟೆಗೆ ಈರುಳ್ಳಿ ಯಾವ ಹಳ್ಳಿಯಿಂದ ಬಂದಿದೆ ಎಂದು ವಿಚಾರಿಸುತ್ತೇನೆ.

ಹಣ ಖರ್ಚು ಮಾಡುವುದರಲ್ಲೂ ಇದೇ ಲೆಕ್ಕ. ಕೊಲಂಬೊದ ಏಜೆಂಟರಿಂದ ಎಲ್ಲವನ್ನೂ ಒಟ್ಟಿಗೆ ಕೊಂಡರೆ ನಿಮ್ಮ ದುಡ್ಡು ಜಾಫ್ನಾ ಮುಟ್ಟುವುದೇ ಇಲ್ಲ. ಊರಿನವರೇ ನಡೆಸುವ ಮನೆವಸತಿಗಳಲ್ಲಿ ಉಳಿಯಿರಿ, ಊರಿನದೇ ವ್ಯಾನ್ ಗೊತ್ತುಮಾಡಿಕೊಳ್ಳಿ. ಮನೆಯವರ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಇದ್ದರೆ ಯಾರು, ಹೇಗೆ ಎಂದು ಕೇಳಲು ಹೋಗಬೇಡಿ. ಹೇಳಬೇಕೆನಿಸಿದರೆ ಎರಡನೆಯ ದಿನ ರಾತ್ರಿ ಅವರೇ ಹೇಳುತ್ತಾರೆ. ಮಾಂಸಾಹಾರಿಗಳು ಒಡಿಯಲ್ ಕೂಳ್ ಬಿಡಬೇಡಿ. ತಾಳೆ ಮೊಳಕೆಯ ಗೆಡ್ಡೆಯ ಹಿಟ್ಟಿನಲ್ಲಿ ಏಡಿ, ಸೀಗಡಿ, ಮೀನು ಬೇಯಿಸಿದ ಗಟ್ಟಿ ಸಾರು ಅದು. ನಾವು ಬೈಗುಳಕ್ಕೆ ಬಳಸುವ ಕೂಳು ಎಂಬ ಪದ ಅಲ್ಲಿ ಇಡೀ ಮನೆಯವರು ಸುತ್ತ ಕೂತು ಉಣ್ಣುವ ಹಬ್ಬದಡುಗೆಗೆ ಸಲ್ಲುತ್ತದೆ.

ಪ್ರಯಾಣದ ವಿವರ ಬೇಗ ಮುಗಿಸುತ್ತೇನೆ. ಮೈಸೂರಿನಿಂದ ಸಂಜೆ ಹೊರಡುವ ಮಯಿಲಾಡುತುರೈ ಕಡೆಯ ರೈಲು ಮಂಡ್ಯದಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ತಂಜಾವೂರಿನಲ್ಲಿ ಇಳಿದು ನಾಗಪಟ್ಟಣಕ್ಕೆ ಹೋಗಿ, ಅಲ್ಲಿ ಒಂದು ರಾತ್ರಿ ತಂಗಿ. ನಾಗಪಟ್ಟಣದಿಂದ ಜಾಫ್ನಾದ ಉತ್ತರ ತೀರದ ಬಂದರು ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಆರಂಭವಾದ ಹಡಗು ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ಸಮುದ್ರ ಕೆಟ್ಟರೆ ಅದು ನಿಂತುಬಿಡುತ್ತದೆ, ಆದ್ದರಿಂದ ಫೆಬ್ರುವರಿಯ ನಂತರದ ದಿನಗಳನ್ನು ಆರಿಸಿಕೊಳ್ಳಿ, ಹಿಂತಿರುಗುವ ರೈಲಿಗೆ ಎರಡು ದಿನ ಬಿಡುವು ಇಟ್ಟುಕೊಳ್ಳಿ. ಸಮುದ್ರ ಆಗದವರಿಗೆ ಚೆನ್ನೈನಿಂದ ಜಾಫ್ನಾಕ್ಕೆ ಸಣ್ಣ ವಿಮಾನವಿದೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣವನ್ನೇ ನೋಡಿ. ಮುಂದೆ ಕೊಲಂಬೊಗೆ ಹೋಗುವುದಿದ್ದರೆ ಯಾಳ್ ದೇವಿ ರೈಲಿನಲ್ಲಿ ಹಗಲು ಹೊತ್ತು ಹೋಗಿ. 1990ರಲ್ಲಿ ನಿಂತ ಆ ಮಾರ್ಗದ ಹಳಿಗಳನ್ನು ಎರಡೂ ಕಡೆಯವರು ಕಿತ್ತು ಬಂಕರುಗಳಿಗೆ ಬಳಸಿದ್ದರು. ಭಾರತದ ಸಾಲದಲ್ಲಿ ಇರ್ಕಾನ್ ಸಂಸ್ಥೆ ಹೊಸದಾಗಿ ಹಾಕಿದ ಹಳಿಯ ಮೇಲೆ ರೈಲು 2014ರ ಅಕ್ಟೋಬರಿನಲ್ಲಿ ಜಾಫ್ನಾ ನಿಲ್ದಾಣಕ್ಕೆ ಮತ್ತೆ ಬಂತು.

ಮನೆವಸತಿಯವರಿಗೆ ಏನು ಒಯ್ಯಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮಂಡ್ಯದ ಅಚ್ಚುಬೆಲ್ಲ. ಹಡಗಿನಲ್ಲಿ ಸಾಮಾನಿನ ತೂಕಕ್ಕೆ ಮಿತಿಯಿರುವುದರಿಂದ ಮನೆಗೊಂದು ಕೆ.ಜಿ. ಸಾಕು, ಕಸ್ಟಮ್ಸ್‌ನವರು ಕೇಳಿದರೆ ಬಿಚ್ಚಿ ತೋರಿಸುವಂತೆ ಕಟ್ಟಿಕೊಳ್ಳಿ. ಅಲ್ಲಿಯವರು ಸಕ್ಕರೆಯಿಲ್ಲದ ಚಹಾ ಕುಡಿಯುತ್ತ, ಪ್ರತಿ ಗುಟುಕಿಗೂ ತಾಳೆಬೆಲ್ಲದ ಚೂರನ್ನು ಕಚ್ಚುತ್ತಾರೆ. ಯುದ್ಧದಲ್ಲಿ ಬಂಕರಿಗೆಂದು ಕಡಿದ ತಾಳೆಮರಗಳ ಜಾಗದಲ್ಲಿ ನೆಟ್ಟ ಸಸಿಗಳು ಇನ್ನೂ ಎಳೆಯವು, ಅದಕ್ಕೆ ಬೆಲ್ಲ ತುಟ್ಟಿ ಎನ್ನುತ್ತಾರೆ. ಕಳೆದ ಬಾರಿ ನಾನು ಒಯ್ದ ಅಚ್ಚನ್ನು ನಮ್ಮ ಮನೆವಸತಿಯ ಅಕ್ಕ ಬಾಗಿಲ ಮೂಲೆಗೆ ಕುಟ್ಟಿ ಒಡೆದು, ಚೂರು ಬಾಯಿಗೆ ಹಾಕಿಕೊಂಡು, ಇದು ಬಹಳ ಸಿಹಿ, ಚಹಾಕ್ಕೆ ಆಗುವುದಿಲ್ಲ ಎಂದು ತೀರ್ಪು ಕೊಟ್ಟು, ಪೊಂಗಲಿಗಿರಲಿ ಎಂದು ಡಬ್ಬಿಯಲ್ಲಿ ಎತ್ತಿಟ್ಟರು.